ಬೆಲ್ಜಿಯಂ ದೇಶದ ಮಂತ್ರಿಮಂಡಲವೂ ಭಾಷಾಸಮತೆಯೂ

ಒಂದು ರಾಜ್ಯದಲ್ಲಿ ಎರಡು ಮೂರು ಭಾಷೆಗಳನ್ನಾಡುವ ಜನರಿದ್ದರೆ ಅವರೆಲ್ಲರಿಗೂ ಶಾಸನಸಭೆಯಲ್ಲಿ ಸ್ಥಾನಗಳನ್ನು ಹಂಚುವುದು ಅಷ್ಟೇನೂ ಕಷ್ಟವಾದ ಕೆಲಸವಲ್ಲ. ಸಭೆಯಲ್ಲಿ ಪೀಠಗಳು ನೂರಾರು; ತಲೆಯೆಣಿಕೆಯ ಪ್ರಕಾರ ಹಂಚಿದರೆ ಬಹುಮಟ್ಟಿಗೆ ನ್ಯಾಯವಾಯಿತು. ಕಾರ್ಯಾಂಗದ ಮಾತು ಹಾಗಲ್ಲ. ಮಂತ್ರಿಮಂಡಲದಲ್ಲಿರುವ ಪೀಠಗಳು ಹತ್ತೋ ಹದಿನೈದೋ. ಅಲ್ಲಿಂದ ಹೊರಡುವ ಆಜ್ಞೆ ಒಂದೇ ಆಗಿರಬೇಕು. ಆ ಆಜ್ಞೆಯನ್ನು ನುಡಿಯುವ ಬಾಯಿ ಯಾರದೆಂಬಲ್ಲಿಗೆ ಭಾಷಾವಿವಾದಗಳೆಲ್ಲವೂ ಕಡೆಗೆ ಬಂದು ನಿಲ್ಲುತ್ತವೆ. ಈ ತೊಡಕನ್ನು ರಾಜ್ಯಾಂಗದ ಶಾಸನದಲ್ಲಿಯೇ ಅಂಕೆಯಿಟ್ಟು ಬಿಡಿಸಲು ಯತ್ನಿಸಿದ ದೇಶಗಳು ವಿರಳ. ಅವುಗಳಲ್ಲಿ ಬೆಲ್ಜಿಯಂ ಮುಖ್ಯವಾದುದು.

ಆ ದೇಶದ ಮಂತ್ರಿಮಂಡಲದಲ್ಲಿ ಡಚ್ ಭಾಷೆಯವರೂ ಫ್ರೆಂಚ್ ಭಾಷೆಯವರೂ ಸಮಸಂಖ್ಯೆಯಲ್ಲಿರತಕ್ಕದ್ದೆಂಬ ವಿಷಯ ನಮ್ಮ ಉಪಾಧ್ಯಾಯರಿಗೆ ಹೊಸದಲ್ಲ. ಎನ್. ಸಿ. ಇ. ಆರ್. ಟಿ. ಸಂಸ್ಥೆಯವರು ಹತ್ತನೆಯ ತರಗತಿಗಾಗಿ ಪ್ರಕಟಿಸಿದ ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಅಧಿಕಾರದ ಹಂಚಿಕೆಯನ್ನು ಕುರಿತ ಮೊದಲನೆಯ ಪಾಠಕ್ಕೆ ಬೆಲ್ಜಿಯಂ ಮತ್ತು ಶ್ರೀಲಂಕೆಗಳೇ ಉದಾಹರಣೆಗಳಾಗಿ ಬಂದಿವೆ. ಶ್ರೀಲಂಕೆಯಲ್ಲಿ ಬಹುಸಂಖ್ಯಾತರು ಹಟಹಿಡಿದು ಕೆಟ್ಟರು, ಬೆಲ್ಜಿಯಮ್ಮಿನಲ್ಲಿ ಹೊಂದಿಕೊಂಡು ಬಾಳಿದರು ಎಂಬುದು ಆ ಪಾಠದ ತಾತ್ಪರ್ಯ. ಇದು ಸುಳ್ಳಲ್ಲ. ಆದರೆ ಪಾಠವನ್ನು ಓದಿದ ಹುಡುಗನಿಗೆ, ಆ ಸಮತೆ ಯಾರೋ ನಾಲ್ವರು ಸಜ್ಜನರು ಕುಳಿತು ಮಾಡಿಕೊಟ್ಟ ಏರ್ಪಾಡೆಂಬ ಭಾವನೆ ಉಂಟಾಗುವ ಸಂಭವವಿದೆ. ವಾಸ್ತವದಲ್ಲಿ ಅದೊಂದು ವಿನಿಮಯ. ಒಂದು ಕಡೆಯವರು ತಮ್ಮ ಕೈಗೆ ಬಂದಿದ್ದ ಬಹುಮತದ ಬಲವನ್ನು ಬಿಟ್ಟುಕೊಟ್ಟು ಅದಕ್ಕೆ ಪ್ರತಿಯಾಗಿ ಬೇರೊಂದನ್ನು ಪಡೆದುಕೊಂಡರು. ಏನನ್ನು ಕೊಟ್ಟರು, ಏನನ್ನು ಪಡೆದರು, ಆ ಒಪ್ಪಂದವನ್ನು ಬರೆದಾಗ ಇದ್ದ ಸ್ಥಿತಿ ಮುಂದೆ ಉಳಿಯಿತೇ ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಬೆಲ್ಜಿಯಂ ೧೮೩೦ರಲ್ಲಿ ಹಾಲೆಂಡಿನ ದೊರೆತನದಿಂದ ಬಿಡಿಸಿಕೊಂಡು ಸ್ವತಂತ್ರವಾಯಿತು. ಮರುವರ್ಷ ಫೆಬ್ರವರಿಯಲ್ಲಿ ಅದರ ರಾಜ್ಯಾಂಗಶಾಸನ ಸಿದ್ಧವಾಯಿತು. ಆ ಶಾಸನದ ೨೩ನೆಯ ವಿಧಿಯ ಪ್ರಕಾರ ದೇಶದಲ್ಲಿ ಭಾಷೆಗಳ ಬಳಕೆ ಅವರವರ ಇಚ್ಛೆಗೆ ಬಿಟ್ಟದ್ದು. ಕೇಳುವುದಕ್ಕೆ ಇದು ಉದಾರವಾದ ಮಾತು. ಆದರೆ ಕಚೇರಿಯಲ್ಲಿ ಕುಳಿತ ಅಧಿಕಾರಿಗೂ ಆತನ ಮುಂದೆ ಅರ್ಜಿ ಹಿಡಿದು ನಿಂತ ರೈತನಿಗೂ ಒಂದೇ ಇಚ್ಛಾಸ್ವಾತಂತ್ರ್ಯವಿದ್ದರೆ, ನಡೆಯುವುದು ಅಧಿಕಾರಿಯ ಇಚ್ಛೆಯೇ. ಅಂದಿನ ಅಧಿಕಾರಿವರ್ಗ, ವಕೀಲರು, ಶ್ರೀಮಂತರು, ಉತ್ತರದ ಫ್ಲಾಂಡರ್ಸಿನಲ್ಲಿ ಹುಟ್ಟಿದವರು ಕೂಡ, ಫ್ರೆಂಚಿನಲ್ಲಿ ವ್ಯವಹರಿಸುತ್ತಿದ್ದರು. ಮತಾಧಿಕಾರವಾದರೂ ತೆರಿಗೆ ಕೊಡುವ ಅಲ್ಪಸಂಖ್ಯೆಯ ಜನರಿಗೆ ಮಾತ್ರ ಇದ್ದಿತು. ಹೀಗಾಗಿ ಡಚ್ಚನ್ನು, ಅಂದರೆ ಅದರ ಫ್ಲೆಮಿಷ್ ರೂಪಗಳನ್ನು, ಆಡುವವರು ಜನಸಂಖ್ಯೆಯಲ್ಲಿ ಹೆಚ್ಚಾಗಿದ್ದರೂ ರಾಜ್ಯ ಫ್ರೆಂಚಿನಲ್ಲಿಯೇ ನಡೆಯಿತು. ರಾಜ್ಯಾಂಗಶಾಸನದ ಡಚ್ ಪಾಠಕ್ಕೆ ಫ್ರೆಂಚ್ ಪಾಠದಷ್ಟೇ ಪ್ರಾಮಾಣ್ಯ ದೊರೆತದ್ದು ೧೯೬೭ರಲ್ಲಿ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಬಹುಸಂಖ್ಯಾತರು ತಮ್ಮ ದೇಶದ ಮೂಲಶಾಸನವನ್ನು ೧೩೬ ವರ್ಷಗಳ ಕಾಲ ಭಾಷಾಂತರದಲ್ಲಿ ಓದಿದರು.

೧೮೬೦ರಲ್ಲಿ ಕೂಕೆ, ಗೂಥಾಲ್ಸ್ ಎಂಬ ಇಬ್ಬರು ಫ್ಲೆಮಿಷ್ ಕೂಲಿಗಾರರನ್ನು ವಿಧವೆಯೊಬ್ಬಳ ಕೊಲೆಯ ಆರೋಪದ ಮೇಲೆ ವಾಲೂನ್ ಸೀಮೆಯ ನ್ಯಾಯಾಲಯದಲ್ಲಿ ವಿಚಾರಿಸಿ ಶಾರ್ಲೆರ್ವಾ ಪಟ್ಟಣದಲ್ಲಿ ಶಿರಚ್ಛೇದಮಾಡಿದರು. ವಿಚಾರಣೆ ಫ್ರೆಂಚಿನಲ್ಲಿ ನಡೆಯಿತು. ಅವರು ನಿಜವಾಗಿ ನಿರಪರಾಧಿಗಳಾಗಿದ್ದರೇ ಎಂಬಲ್ಲಿ ಇತಿಹಾಸಕಾರರಿಗೆ ಏಕಾಭಿಪ್ರಾಯವಿಲ್ಲ. ಆದರೆ ತಮಗೆ ತಿಳಿಯದ ಭಾಷೆಯಲ್ಲಿ ಸತ್ತರು ಎಂಬ ಕಥೆ ಫ್ಲಾಂಡರ್ಸಿನ ಮನೆಮನೆಗೂ ಹಬ್ಬಿತು. ಬಳಿಕ ೧೮೭೩ರಲ್ಲಿ ಕ್ರಿಮಿನಲ್ ನ್ಯಾಯಾಲಯಗಳಿಗೆ, ೧೮೭೮ರಲ್ಲಿ ಆಡಳಿತಕ್ಕೆ, ೧೮೮೩ರಲ್ಲಿ ಪ್ರೌಢಶಾಲೆಗಳಿಗೆ ಸಂಬಂಧಪಟ್ಟ ಭಾಷಾಶಾಸನಗಳು ಒಂದೊಂದಾಗಿ ಬಂದುವು. ೧೮೯೮ರಲ್ಲಿ ಶಾಸನಗಳ ಎರಡು ಪಾಠಗಳೂ ಸಮಾನವೆಂದು ವಿಧಿಯಾಯಿತು. ಇವೆಲ್ಲ ಶಾಸನಸಭೆಯ ಕೆಲಸಗಳು. ೧೮೯೩ರ ಮತ್ತು ೧೯೧೯ರ ಮತಾಧಿಕಾರ ವಿಸ್ತರಣೆಗಳು ಇವುಗಳ ಬೆನ್ನಿಗಿದ್ದುವೆಂಬುದನ್ನು ಮರೆಯಕೂಡದು. ೧೯೧೨ರಲ್ಲಿ ಜ್ಯೂಲ್ ದೆಸ್ತ್ರೆ ಎಂಬ ವಾಲೂನ್ ಮುಖಂಡನು, ತಮ್ಮ ರಾಜ್ಯದಲ್ಲಿ ವಾಲೂನರೂ ಫ್ಲೆಮಿಷರೂ ಇದ್ದಾರೆಯೇ ಹೊರತು ಬೆಲ್ಜಿಯನ್ನರೆಂಬವರಿಲ್ಲ ಎಂಬ ಅಭಿಪ್ರಾಯದ ಬಹಿರಂಗ ಪತ್ರವನ್ನು ದೊರೆಗೆ ಬರೆದುದು ಪ್ರಸಿದ್ಧವಾಗಿದೆ. ಬಹುಸಂಖ್ಯಾತರು ಮೇಲೇಳುತ್ತಿರುವುದನ್ನು ಕಂಡ ಅಲ್ಪಸಂಖ್ಯಾತನ ಭಯ ಆ ಪತ್ರದಲ್ಲಿದೆ. ಮುಂದೆ ಮಂತ್ರಿಮಂಡಲದ ಸಮತೆಯನ್ನು ಬೇಡಿದ್ದು ಈ ಭಯವೇ.

ಇಲ್ಲಿ ಜನಗಣತಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ೧೯೩೨ರ ಶಾಸನದ ಪ್ರಕಾರ ಉತ್ತರದಲ್ಲಿ ಡಚ್, ದಕ್ಷಿಣದಲ್ಲಿ ಫ್ರೆಂಚ್, ಬ್ರಸೆಲ್ಸಿನಲ್ಲಿ ಎರಡೂ ಆಡಳಿತಭಾಷೆಗಳಾದುವು. ಆದರೆ ಗಡಿಯ ಊರುಗಳ ಗತಿಯನ್ನು ಹತ್ತು ವರ್ಷಕ್ಕೊಮ್ಮೆ ನಡೆಯುವ ಭಾಷಾಗಣತಿಯೇ ನಿರ್ಣಯಿಸತಕ್ಕದ್ದಾಗಿತ್ತು. ಊರಿನಲ್ಲಿ ನೂರಕ್ಕೆ ಮೂವತ್ತು ಮಂದಿ ಇನ್ನೊಂದು ಭಾಷೆಯವರಾದರೆ ಅವರಿಗೆ ಅವರ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಬರುತ್ತಿತ್ತು. ಅರ್ಧವನ್ನು ದಾಟಿದರೆ ಊರೇ ಪಕ್ಕ ಬದಲಾಯಿಸುತ್ತಿತ್ತು. ೧೯೪೭ರ ಗಣತಿಯ ಫಲಿತಾಂಶಗಳನ್ನು ಸರಕಾರ ೧೯೫೪ರವರೆಗೆ ಪ್ರಕಟಿಸಲಿಲ್ಲ. ಪ್ರಕಟವಾದಾಗ ಮೂರು ಫ್ಲೆಮಿಷ್ ಊರುಗಳು ಬ್ರಸೆಲ್ಸಿಗೆ ಸೇರಿಹೋದುವು. ಫ್ಲೆಮಿಷರ ವಾದವೇನೆಂದರೆ, ಗಣತಿಯಲ್ಲಿ ಜನರು ತಮ್ಮ ಮನೆಯ ಮಾತನ್ನು ಬರೆಸುವುದಿಲ್ಲ, ಮಾನದ ಮಾತನ್ನು ಬರೆಸುತ್ತಾರೆ ಎಂಬುದು. ಮುಂದಿನ ಗಣತಿ ಹತ್ತಿರವಾದಾಗ ಅಲ್ಲಿನ ಅನೇಕ ಪೌರಾಧ್ಯಕ್ಷರು ಭಾಷೆಯ ಪ್ರಶ್ನೆಯಿದ್ದ ಹಾಳೆಗಳನ್ನು ಹಂಚಲು ನಿರಾಕರಿಸಿದರು. ೧೯೬೧ರಲ್ಲಿ ಭಾಷಾಗಣತಿಯನ್ನೇ ಶಾಸನದಿಂದ ತೆಗೆದುಹಾಕಿದರು. ೧೯೬೨ರ ನವೆಂಬರಿನಲ್ಲಿ ಗಡಿಯನ್ನು ಒಂದು ಸಾರಿ ಗೆರೆಯೆಳೆದು ಶಾಶ್ವತಗೊಳಿಸಿದರು. ಗಡಿಯ ಊರುಗಳ ಗಣತಿಯ ಅಂಕಗಳನ್ನು ಹಿಡಿದು ಆಯೋಗಗಳ ಮುಂದೆ ವಾದಿಸಿದ ಅನುಭವ ಕರ್ನಾಟಕದವರಿಗೂ ಉಂಟಾದುದರಿಂದ, ಈ ನಿರ್ಣಯ ಎಷ್ಟು ಅಸಾಧಾರಣವಾದುದೆಂಬುದನ್ನು ನಾವು ಊಹಿಸಬಲ್ಲೆವು. ಎಣಿಕೆಯಿಂದ ಭಾಷೆಯ ಹಕ್ಕನ್ನು ನಿರ್ಧರಿಸುವುದನ್ನು ಆ ದೇಶ ಅಂದಿಗೆ ಕೈಬಿಟ್ಟಿತು. ಎಂಟು ವರ್ಷಗಳ ತರುವಾಯ ಮಂತ್ರಿಮಂಡಲದಲ್ಲಿ ಮಾಡಿದುದೂ ಅದನ್ನೇ.

ಮಂತ್ರಿಮಂಡಲ ಒಳಗಿನಿಂದ ಸೀಳತೊಡಗಿದ್ದು ಅದಕ್ಕೂ ಸ್ವಲ್ಪ ಮುಂಚೆ. ಲೂವೆನ್ ಪಟ್ಟಣ ಫ್ಲೆಮಿಷ್ ಸೀಮೆಯಲ್ಲಿದೆ. ಅಲ್ಲಿಯ ಪುರಾತನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ವಿಭಾಗವೂ ನಡೆಯುತ್ತಿತ್ತು. ಅದನ್ನು ತಮ್ಮ ನೆಲದಿಂದ ತೆಗೆಯಬೇಕೆಂದು ಫ್ಲೆಮಿಷ್ ವಿದ್ಯಾರ್ಥಿಗಳು ಮಾಡಿದ ಚಳುವಳಿಯಿಂದ ೧೯೬೮ರ ಫೆಬ್ರವರಿಯಲ್ಲಿ ಸರಕಾರವೇ ಬಿದ್ದುಹೋಯಿತು. ವಿಶ್ವವಿದ್ಯಾಲಯ ಎರಡಾಯಿತು, ಫ್ರೆಂಚ್ ಭಾಗಕ್ಕಾಗಿ ವಾಲೂನ್ ಸೀಮೆಯಲ್ಲಿ ಹೊಸ ಊರನ್ನೇ ಕಟ್ಟಿದರು. ಗ್ರಂಥಭಂಡಾರವನ್ನು ಹಂಚುವಾಗ ಪುಸ್ತಕಗಳ ಕ್ರಮಸಂಖ್ಯೆ ಬೆಸವಾದರೆ ಒಂದು ಕಡೆಗೆ, ಸರಿಯಾದರೆ ಇನ್ನೊಂದು ಕಡೆಗೆ ಹಾಕಿದರಂತೆ. ವಿದ್ವಾಂಸರಾದವರಿಗೆ ಇದಕ್ಕಿಂತ ಹೆಚ್ಚಾಗಿ ಮನಸ್ಸು ನೋಯಿಸುವ ಸಮಪಾಲು ಇನ್ನಾವುದಿದ್ದೀತು! ಅದೇ ವರ್ಷ ಗಾಸ್ಟೊನ್ ಐಸ್ಕೆನ್ಸನು ರಚಿಸಿದ ಹೊಸ ಸರಕಾರದಲ್ಲಿ ಸಂಸ್ಕೃತಿಯ ಖಾತೆಗೆ ಭಾಷೆಗೊಬ್ಬನಂತೆ ಇಬ್ಬರು ಮಂತ್ರಿಗಳು, ವಿದ್ಯಾಖಾತೆಗೂ ಹಾಗೆಯೇ ಇಬ್ಬರು. ಎರಡು ಸಮುದಾಯಗಳ ಸಂಬಂಧವನ್ನು ಸರಿಪಡಿಸುವ ಖಾತೆಗೆ ಕೂಡ ಫ್ಲೆಮಿಷರ ಲಿಯೊ ಟಿಂಡೆಮನ್ಸ್, ವಾಲೂನರ ಫ್ರೆಡಿ ತೆರ್ವಾಂಞ್ ಎಂಬ ಇಬ್ಬರು. ಅಂದಮೇಲೆ ಈ ದೇಶದಲ್ಲಿ ಪ್ರಾಂತಸರಕಾರಗಳು ಮೊದಲು ಹುಟ್ಟಿ ಬಳಿಕ ಕೂಡಿಕೊಂಡವಲ್ಲ. ಒಂದೇ ಮಂತ್ರಿಮಂಡಲ ಖಾತೆಖಾತೆಯಾಗಿ ಎರಡಾಗುತ್ತ ಬಂದು ಕಡೆಗೆ ಹಲವಾಯಿತು. ಅಮೆರಿಕದ ಅಥವಾ ಸ್ವಿಟ್ಜರ್ಲೆಂಡಿನ ಒಕ್ಕೂಟಕ್ಕೂ ಇದಕ್ಕೂ ಇರುವ ಮುಖ್ಯಭೇದ ಇದೇ.

೧೯೭೦ನೆಯ ಫೆಬ್ರವರಿ ೧೮ರಂದು ಐಸ್ಕೆನ್ಸನು, ಏಕೀಕೃತರಾಜ್ಯದ ಕಾಲ ಮುಗಿಯಿತು, ವಸ್ತುಸ್ಥಿತಿ ಅದನ್ನು ಹಿಂದೆ ಹಾಕಿದೆ, ಎಂಬರ್ಥದ ಘೋಷಣೆಯನ್ನು ಪಾರ್ಲಿಮೆಂಟಿನಲ್ಲಿ ಮಾಡಿದನು. ಆ ವರ್ಷದ ಡಿಸೆಂಬರಿನಲ್ಲಿ ರಾಜ್ಯಾಂಗದ ತಿದ್ದುಪಡಿಗಳು ಅಂಗೀಕೃತವಾದುವು. ಮಂತ್ರಿಮಂಡಲದಲ್ಲಿ ಪ್ರಧಾನಮಂತ್ರಿಯನ್ನು ಬೇಕಾದರೆ ಹೊರತುಪಡಿಸಿ, ಉಳಿದವರಲ್ಲಿ ಫ್ರೆಂಚ್ ಭಾಷೆಯವರೂ ಡಚ್ ಭಾಷೆಯವರೂ ಸಮಸಂಖ್ಯೆಯಲ್ಲಿರಬೇಕೆಂಬ ವಿಧಿ ಇವುಗಳಲ್ಲೊಂದು. ಈಗಿನ ಅಂಕಿಯ ಪ್ರಕಾರ ಅದು ೯೯ನೆಯ ವಿಧಿ. ಮಂತ್ರಿಗಳು ಹದಿನೈದಕ್ಕೆ ಮೀರಕೂಡದೆಂಬ ಮಿತಿ ೧೯೯೩ರಲ್ಲಿ ಸೇರಿತು. ಅವರ ಕೆಳಗಿನ ಸಚಿವರಿಗೆ, ಅಂದರೆ ರಾಜ್ಯಕಾರ್ಯದರ್ಶಿಗಳೆಂಬವರಿಗೆ, ಈ ಸಮತೆ ಅನ್ವಯಿಸುವುದಿಲ್ಲ.

ಪ್ರಧಾನಮಂತ್ರಿಯನ್ನು ಹೊರತುಪಡಿಸಬಹುದೆಂಬ ಮಾತು ಕೌತುಕಕರವಾದುದು. ಆತನು ಎರಡು ಭಾಷೆಗಳಿಗೂ ಮೇಲಾಗಿರುವವನೆಂಬ ಕಲ್ಪನೆಯನ್ನು ರಾಜ್ಯಾಂಗ ಹೀಗೆ ಸೃಷ್ಟಿಸಿದೆ. ಆತನನ್ನು ಭಾಷಾವಿಷಯದಲ್ಲಿ ಲಿಂಗವಿಲ್ಲದವನೆಂದು ಆ ದೇಶದವರು ಹಾಸ್ಯಮಾಡುವುದುಂಟು. ನಮ್ಮ ವೈಯಾಕರಣರು ನಪುಂಸಕಲಿಂಗವೆನ್ನುತ್ತಿದ್ದರು. ಕಾರ್ಯತಃ ೧೯೭೯ರಿಂದ ೨೦೧೧ರವರೆಗೆ ಆ ಪೀಠದಲ್ಲಿ ಕುಳಿತವರೆಲ್ಲರೂ ಫ್ಲೆಮಿಷರೇ. ೨೦೧೧ರ ಡಿಸೆಂಬರಿನಲ್ಲಿ ಎಲಿಯೊ ಡಿ ರೂಪೊ ಎಂಬ ಫ್ರೆಂಚ್ ಭಾಷೆಯವನು ಪ್ರಧಾನಿಯಾದಾಗ ಆತನ ಡಚ್ ಉಚ್ಚಾರಣೆಯೇ ಪತ್ರಿಕೆಗಳಿಗೆ ವಿಷಯವಾಯಿತು.

ಸಮತೆಯ ವಿಧಿಯನ್ನು ಒಂಟಿಯಾಗಿ ನೋಡಿದರೆ ಅದು ಅಲ್ಪಸಂಖ್ಯಾತರಿಗೆ ತೋರಿದ ಕೃಪೆಯಂತೆ ಕಾಣುತ್ತದೆ. ಅದರ ಜೊತೆಗೆ ಬಂದ ವಿಧಿಗಳನ್ನು ಕೂಡಿಸಿ ಓದಬೇಕು. ಅದೇ ತಿದ್ದುಪಡಿಯಲ್ಲಿ ಪಾರ್ಲಿಮೆಂಟಿನ ಸದಸ್ಯರನ್ನು ಎರಡು ಭಾಷಾವರ್ಗಗಳಾಗಿ ವಿಂಗಡಿಸಿದರು. ಒಂದು ವರ್ಗದ ಮುಕ್ಕಾಲು ಪಾಲು ಸದಸ್ಯರು, ಯಾವುದಾದರೊಂದು ಮಸೂದೆಯಿಂದ ಎರಡು ಸಮುದಾಯಗಳ ಸಂಬಂಧಕ್ಕೆ ಗುರುತರವಾದ ಹಾನಿಯಾಗುವುದೆಂದು ಕಾರಣಸಹಿತವಾಗಿ ಬರೆದುಕೊಟ್ಟರೆ, ಮಸೂದೆ ಅಲ್ಲಿಗೆ ನಿಲ್ಲತಕ್ಕದ್ದು. ಇದನ್ನು ಎಚ್ಚರಿಕೆಯ ಗಂಟೆ ಎನ್ನುತ್ತಾರೆ. ಗಂಟೆ ಬಾರಿಸಿದ ಮೇಲೆ ವಿಷಯ ಹೋಗುವುದು ನ್ಯಾಯಾಲಯಕ್ಕೂ ಅಲ್ಲ, ದೊರೆಯ ಬಳಿಗೂ ಅಲ್ಲ, ಮಂತ್ರಿಮಂಡಲಕ್ಕೆ. ಮೂವತ್ತು ದಿನಗಳೊಳಗಾಗಿ ಅದು ಅಭಿಪ್ರಾಯ ಹೇಳಬೇಕು. ದೇಶದಲ್ಲಿ ಎರಡು ಭಾಷೆಯವರೂ ಸಮಾನವಾಗಿ ಕುಳಿತುಕೊಳ್ಳುವ ಸಭೆ ಅದೊಂದೇ ಆದ್ದರಿಂದಲೇ ಅದಕ್ಕೆ ಈ ಪಂಚಾಯಿತಿಯನ್ನು ಒಪ್ಪಿಸಿದರು. ಮಂತ್ರಿಮಂಡಲದಲ್ಲಿ ಮತಗಳನ್ನೆಣಿಸಿ ತೀರ್ಮಾನಿಸುವ ಪದ್ಧತಿಯೂ ಇಲ್ಲ. ಎಲ್ಲರೂ ಒಪ್ಪಬೇಕು, ಒಪ್ಪದಿದ್ದವನು ಹೊರಗೆ ನಡೆಯಬೇಕು. ಹೀಗೆ ಬಹುಮತದ ಆಜ್ಞೆಯನ್ನು ನಡೆಸತಕ್ಕ ಅಂಗವಾಗಿದ್ದ ಮಂತ್ರಿಮಂಡಲ ಎರಡು ಜನಾಂಗಗಳ ನಿತ್ಯಸಂಧಿಯ ಸ್ಥಾನವಾಗಿ ಮಾರ್ಪಟ್ಟಿತು. ಗಂಟೆಯನ್ನು ಬಾರಿಸಿದ್ದು ತೀರ ವಿರಳವಾಗಿ. ಬಾರಿಸುವ ಮುನ್ನವೇ ಸಮಾನವಾಗಿ ಕುಳಿತ ಮಂತ್ರಿಗಳು ಮಸೂದೆಯನ್ನು ತಡೆದಿರುತ್ತಾರಲ್ಲವೆ!

ಹಾಗಾದರೆ ಫ್ಲೆಮಿಷರಿಗೆ ಬಂದ ಲಾಭವೇನು? ಮೊದಲನೆಯದು, ಸಂಸ್ಕೃತಿಯ ವಿಷಯಗಳಲ್ಲಿ ಸ್ವಯಮಾಡಳಿತ. ಎರಡನೆಯದು ಬ್ರಸೆಲ್ಸ್. ದೇಶದಲ್ಲಿ ಅಧಿಕಸಂಖ್ಯಾತರಾದ ಡಚ್ ಭಾಷೆಯವರು ರಾಜಧಾನಿಯಲ್ಲಿ ಅಲ್ಪಸಂಖ್ಯಾತರು. ದೇಶದ ಮಂತ್ರಿಮಂಡಲದಲ್ಲಿ ನಾವು ನಿಮಗೆ ಸಮಭಾಗ ಕೊಡುತ್ತೇವೆ, ಬ್ರಸೆಲ್ಸಿನ ಆಡಳಿತದಲ್ಲಿ ನೀವು ನಮಗೆ ಸಮಭಾಗ ಕೊಡಿರಿ ಎಂಬುದು ಈ ಒಡಂಬಡಿಕೆಯ ಹುರುಳು. ಅದರಂತೆ ೧೯೭೧ರಲ್ಲಿ ಬ್ರಸೆಲ್ಸ್ ನಗರಸಮೂಹಕ್ಕೆ ಏರ್ಪಡಿಸಿದ ಕಾರ್ಯನಿರ್ವಾಹಕ ಮಂಡಲಿಯಲ್ಲಿ ಸಮತೆಯನ್ನು ವಿಧಿಸಿದರು. ಆದರೆ ಯಾವ ಅಭ್ಯರ್ಥಿ ಯಾವ ಭಾಷೆಯವನೆಂಬುದನ್ನು ಆತನ ಹೇಳಿಕೆಗೇ ಬಿಟ್ಟಿದ್ದುದರಿಂದ, ಫ್ರೆಂಚ್ ಪಕ್ಷದವರು ತಮ್ಮ ಪಟ್ಟಿಯಲ್ಲಿಯೇ ಡಚ್ ಭಾಷೆಯವರೆಂದು ಹೇಳಿಕೊಳ್ಳುವ ಅಭ್ಯರ್ಥಿಗಳನ್ನು ನಿಲ್ಲಿಸಿ ಗೆಲ್ಲಿಸಿಕೊಂಡರು. ಸಮತೆ ಅಕ್ಷರದಲ್ಲಿ ಉಳಿಯಿತು, ಅರ್ಥದಲ್ಲಿ ಹೋಯಿತು. ಈ ಪೆಟ್ಟನ್ನು ಫ್ಲೆಮಿಷರು ಮರೆಯಲಿಲ್ಲ. ಅದಕ್ಕಾಗಿಯೇ ಮುಂದೆ ಬ್ರಸೆಲ್ಸಿನ ಶಾಸನದಲ್ಲಿ, ಅಭ್ಯರ್ಥಿ ಒಮ್ಮೆ ಒಂದು ಭಾಷಾವರ್ಗಕ್ಕೆ ಸೇರಿದವನೆಂದು ಬರೆದುಕೊಟ್ಟರೆ ಮುಂದಿನ ಚುನಾವಣೆಗಳಲ್ಲೆಲ್ಲ ಆ ವರ್ಗದವನೇ ಆಗಿರತಕ್ಕದ್ದೆಂಬ ಕಟ್ಟು ಬಂದಿದೆ.

ಪ್ರಾಂತಸರಕಾರಗಳು ಬೆಳೆದ ರೀತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಫ್ಲೆಮಿಷರಿಗೆ ಭಾಷೆ ಸಂಸ್ಕೃತಿಗಳ ಸ್ವಾತಂತ್ರ್ಯ ಬೇಕಾಗಿತ್ತು. ಕಲ್ಲಿದ್ದಲ ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಇಳಿಮುಖವಾಗಿದ್ದ ವಾಲೂನರಿಗೆ ತಮ್ಮ ಆರ್ಥಿಕ ವ್ಯವಹಾರ ತಮ್ಮ ಕೈಯಲ್ಲಿರಬೇಕಾಗಿತ್ತು. ೧೯೬೦–೬೧ರ ಚಳಿಗಾಲದ ಮಹಾಮುಷ್ಕರದಲ್ಲಿ ಆಂದ್ರೆ ರೆನಾರ್ ಎತ್ತಿದ ಬೇಡಿಕೆ ಅದು. ಆದ್ದರಿಂದ ಒಂದೇ ನೆಲದ ಮೇಲೆ ಎರಡು ಬಗೆಯ ಘಟಕಗಳು ಹುಟ್ಟಿದುವು: ಭಾಷೆಯನ್ನನುಸರಿಸಿದ ಸಮುದಾಯಗಳು ಮೂರು, ನೆಲವನ್ನನುಸರಿಸಿದ ಪ್ರದೇಶಗಳು ಮೂರು. ೧೯೭೪ರ ತಾತ್ಕಾಲಿಕ ಶಾಸನದಂತೆ ಪ್ರದೇಶಗಳ ಆಡಳಿತಕ್ಕೆ ರಾಷ್ಟ್ರೀಯ ಮಂತ್ರಿಮಂಡಲದೊಳಗೇ ಮಂತ್ರಿಗಳ ಸಮಿತಿಗಳಾದುವು. ೧೯೮೦ರ ಶಾಸನದಿಂದ ಅವುಗಳಿಗೆ ಸ್ವಂತ ಅಸ್ತಿತ್ವ ಬಂದಿತು. ೧೯೮೧ರ ಚುನಾವಣೆಯ ಬಳಿಕ ಫ್ಲೆಮಿಷರ ಗಾಸ್ಟೊನ್ ಗೇನ್ಸ್, ವಾಲೂನರ ಜಾನ್‌ಮೊರಿಸ್ ದೆಊಸ್ ಮೊದಲಾದವರ ನಾಯಕತ್ವದಲ್ಲಿ ಅವು ತಾಯಿಯ ಮನೆಯಿಂದ ಹೊರಬಂದುವು. ಫ್ಲೆಮಿಷರು ತಮ್ಮ ಸಮುದಾಯವನ್ನೂ ಪ್ರದೇಶವನ್ನೂ ಕೂಡಿಸಿ ಒಂದೇ ಸರಕಾರ ಮಾಡಿಕೊಂಡು ಅದನ್ನು ಬ್ರಸೆಲ್ಸಿನಲ್ಲಿಟ್ಟರು. ಫ್ರೆಂಚ್ ಕಡೆಯವರು ಎರಡನ್ನೂ ಬೇರೆಯಾಗಿಯೇ ಉಳಿಸಿಕೊಂಡರು, ವಾಲೂನ್ ಸರಕಾರ ನಾಮ್ಯೂರಿನಲ್ಲಿದೆ. ಈ ಮಂಡಲಿಗಳಿಗೆ ಆರಂಭದಲ್ಲಿ ಸರಕಾರವೆಂಬ ಹೆಸರಿರಲಿಲ್ಲ. ‘ಕಾರ್ಯನಿರ್ವಾಹಕ’ ಎಂದಷ್ಟೇ ಕರೆಯುತ್ತಿದ್ದರು. ೧೯೯೩ರಲ್ಲಿ ಬೆಲ್ಜಿಯಂ ಸಮುದಾಯ ಪ್ರದೇಶಗಳಿಂದ ಕೂಡಿದ ಸಂಯುಕ್ತರಾಜ್ಯವೆಂದು ರಾಜ್ಯಾಂಗದ ಮೊದಲನೆಯ ವಿಧಿಯಲ್ಲಿ ಬರೆದಾಗ ಈ ಹೆಸರೂ ಬದಲಾಗಿ ಸರಕಾರಗಳಾದುವು. ಹೆಸರಿನ ಹಿಂದೆ ಅಧಿಕಾರವೂ ಇತ್ತೆಂಬುದು ೨೦೧೬ರ ಅಕ್ಟೋಬರಿನಲ್ಲಿ ಲೋಕಕ್ಕೆ ತಿಳಿಯಿತು. ಯೂರೋಪಿನ ಒಕ್ಕೂಟಕ್ಕೂ ಕೆನಡಾಕ್ಕೂ ಆಗಬೇಕಾಗಿದ್ದ ವ್ಯಾಪಾರದ ಕರಾರನ್ನು ನಾಮ್ಯೂರಿನ ಸರಕಾರದ ಮುಖ್ಯನಾದ ಪೋಲ್ ಮಾಗ್ನೆತ್ ಕೆಲವು ವಾರಗಳ ಕಾಲ ನಿಲ್ಲಿಸಿಬಿಟ್ಟನು.

ಫ್ಲೆಮಿಷ್ ಮತ್ತು ವಾಲೂನ್ ಸರಕಾರಗಳೊಳಗೆ ಭಾಷಾಸಮತೆಯ ಪ್ರಶ್ನೆಯಿಲ್ಲ. ಸಂಯುಕ್ತ ಸರಕಾರದ ಶಾಸನ ಮೇಲು, ಪ್ರಾಂತದ ಶಾಸನ ಕೀಳು ಎಂಬ ತಾರತಮ್ಯವೂ ಅಲ್ಲಿಲ್ಲ. ಆದುದರಿಂದ ಈ ಸರಕಾರಗಳು ತಮ್ಮೊಳಗೆ ಜಗಳವಾದಾಗ ಕೂಡಿ ಮಾತನಾಡಲು ಒಂದು ಸಮಾಲೋಚನಾ ಸಮಿತಿಯಿದೆ. ಅಲ್ಲಿಯೂ ಹಳೆಯ ನಿಯಮವೇ, ಅದೂ ಇಮ್ಮಡಿಯಾಗಿ: ಕೇಂದ್ರಕ್ಕೂ ಪ್ರಾಂತಗಳಿಗೂ ಸಮಭಾಗ, ಫ್ರೆಂಚಿಗೂ ಡಚ್ಚಿಗೂ ಸಮಭಾಗ.

ಇನ್ನು ಸಮತೆ ನಡೆದ ರೀತಿಯನ್ನು ನೋಡೋಣ. ೧೯೬೨ರಲ್ಲಿ ಗಡಿಯೆಳೆದಾಗ ಲಿಯೇಜ್ ಪ್ರಾಂತದಿಂದ ತೆಗೆದು ಫ್ಲೆಮಿಷರ ಲಿಂಬುರ್ಗಿಗೆ ಸೇರಿಸಿದ ವೂರೆನ್ ಎಂಬ ಕೆಲವು ಹಳ್ಳಿಗಳಿದ್ದುವು. ೧೯೮೩ರಿಂದ ಅಲ್ಲಿಯ ಪೌರಾಧ್ಯಕ್ಷನಾಗಿದ್ದ ಜೋಸೆ ಹಪ್ಪಾರ್ ಫ್ರೆಂಚ್ ಪಕ್ಷದವನು. ಡಚ್ ಬಲ್ಲೆನೆಂಬುದನ್ನು ತೋರಿಸಿಕೊಡಲು ಒಪ್ಪಲಿಲ್ಲ. ೧೯೮೬ರಲ್ಲಿ ಉಚ್ಚ ಆಡಳಿತನ್ಯಾಯಾಲಯ ಆತನ ನೇಮಕವನ್ನು ರದ್ದುಮಾಡಿತು. ಹಳ್ಳಿಯ ಈ ಪ್ರಶ್ನೆ ಮಂತ್ರಿಮಂಡಲಕ್ಕೆ ಬಂದಾಗ ಎರಡು ಭಾಷೆಯ ಮಂತ್ರಿಗಳು ಒಮ್ಮತಕ್ಕೆ ಬಾರದೆ ೧೯೮೭ರ ಅಕ್ಟೋಬರಿನಲ್ಲಿ ವಿಲ್ಫ್ರೀಡ್ ಮಾರ್ಟೆನ್ಸನ ಸರಕಾರ ಬಿದ್ದಿತು. ಹಳ್ಳಿಯೊಂದರ ಪೌರಾಧ್ಯಕ್ಷನಿಗಾಗಿ ದೇಶದ ಸರಕಾರ ಬೀಳಬಹುದೇ ಎಂದು ನಗುವವರು, ಮಂತ್ರಿಮಂಡಲವೇ ಭಾಷಾವ್ಯಾಜ್ಯಗಳ ಕೊನೆಯ ಪಂಚಾಯಿತಿಯಾಗಿತ್ತೆಂಬುದನ್ನು ನೆನೆಯಬೇಕು.

೨೦೧೦ರ ಜೂನ್ ೧೩ರ ಚುನಾವಣೆಯ ಬಳಿಕ ಸರಕಾರ ರಚಿಸಲು ೫೪೧ ದಿನಗಳು ಬೇಕಾದುವು. ೨೦೧೯ರ ಚುನಾವಣೆಯ ಬಳಿಕ ೪೯೪ ದಿನಗಳು. ಈ ವಿಳಂಬಕ್ಕೆ ಸಮತೆಯ ವಿಧಿಯೇ ಕಾರಣವೆಂದು ಹೇಳುವವರಿದ್ದಾರೆ. ನಮಗೆ ಇದು ಪೂರ್ತಿಯಾಗಿ ಒಪ್ಪುವುದಿಲ್ಲ. ವಿಧಿಯನ್ನು ಬರೆದ ಕಾಲದ ಪಕ್ಷಗಳ ಸ್ಥಿತಿಯನ್ನು ಗಮನಿಸಬೇಕು. ೧೯೬೮ರಲ್ಲಿ ಕ್ರೈಸ್ತ ಪಕ್ಷ ಭಾಷಾನುಸಾರವಾಗಿ ಒಡೆದಿತ್ತು ನಿಜ. ಆದರೆ ಉದಾರಪಕ್ಷ ಒಡೆದದ್ದು ತಿದ್ದುಪಡಿಯಾದ ಮೇಲೆ; ಸಮಾಜವಾದಿಗಳು ಒಡೆದದ್ದು ೧೯೭೮ರಲ್ಲಿ. ವಿಧಿಯನ್ನು ಬರೆದವರ ಮನಸ್ಸಿನಲ್ಲಿದ್ದುದು ಎರಡು ಭಾಷೆಗಳವರೂ ಒಂದೇ ಪಕ್ಷದ ಛತ್ರದಡಿ ಕುಳಿತು ಪರಸ್ಪರ ಪರಿಚಯವುಳ್ಳ ಮಂತ್ರಿಗಳ ಸಮತೆ. ಹತ್ತು ವರ್ಷಗಳೊಳಗೆ ಅಂಥ ದೊಡ್ಡ ಪಕ್ಷ ಒಂದೂ ಉಳಿಯಲಿಲ್ಲ. ಗೆಂಟ್ ಪಟ್ಟಣದ ಮತದಾರನು ಲಿಯೇಜಿನ ಮಂತ್ರಿಯನ್ನು ಮೆಚ್ಚಿದರೂ ಆತನಿಗೆ ಮತ ಕೊಡಲಾರ. ಮೆಚ್ಚದಿದ್ದರೂ ಆತನನ್ನು ಸೋಲಿಸಲಾರ. ಅರ್ಧದೇಶಕ್ಕೆ ಮಾತ್ರ ಉತ್ತರಕೊಡಬೇಕಾದ ಮಂತ್ರಿಗಳು ಇಡೀ ದೇಶವನ್ನು ಆಳುತ್ತಾರೆ. ತೊಡಕಿರುವುದು ಇಲ್ಲಿ.

ಅಂಕಿಗಳ ಸಮತೆಯಿಂದ ಸಮ್ಮತಿ ಹುಟ್ಟುವುದಿಲ್ಲವೆಂಬುದಕ್ಕೆ ೨೦೧೪ರ ಸರಕಾರಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಶಾರ್ಲ್ ಮಿಶೆಲನ ಆ ಸರಕಾರದಲ್ಲಿ ಫ್ರೆಂಚ್ ಕಡೆಯಿಂದ ಸೇರಿದ್ದು ಆತನ ಉದಾರಪಕ್ಷವೊಂದೇ. ಕೆಳಮನೆಯಲ್ಲಿದ್ದ ೬೩ ಮಂದಿ ಫ್ರೆಂಚ್ ಭಾಷಾವರ್ಗದವರ ಪೈಕಿ ಅದರ ಸದಸ್ಯರು ೨೦ ಮಂದಿ. ಆದರೆ ಸಮತೆ ನಡೆಯಲೇಬೇಕಲ್ಲ! ಹದಿನಾಲ್ಕು ಮಂತ್ರಿಗಳಲ್ಲಿ ಏಳು ಮಂದಿ, ಪ್ರಧಾನಿಯೂ ಸೇರಿ, ಆ ಒಂದೇ ಪಕ್ಷದವರಾದರು. ೩೩ ಸ್ಥಾನಗಳನ್ನು ಗೆದ್ದು ಮನೆಯಲ್ಲಿಯೇ ಅತಿ ದೊಡ್ಡದಾಗಿದ್ದ ಫ್ಲೆಮಿಷ್ ರಾಷ್ಟ್ರವಾದಿಗಳ ಪಕ್ಷಕ್ಕೆ ಸಿಕ್ಕಿದ ಮಂತ್ರಿಗಳು ಮೂವರು. ಇದಕ್ಕೆ ವಿರುದ್ಧವಾಗಿ ಡಿ ರೂಪೊನ ಸರಕಾರಕ್ಕೆ ಡಚ್ ಭಾಷಾವರ್ಗದಲ್ಲಿ ಬಹುಮತವಿರಲಿಲ್ಲ. ರಾಜ್ಯಾಂಗ ಮಂತ್ರಿಗಳ ತಲೆಯನ್ನೆಣಿಸುತ್ತದೆ. ಅವರ ಹಿಂದೆ ನಿಂತವರನ್ನು ಎಣಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ರಾಜ್ಯಾಂಗ ಇಂಥ ಅಂಕೆಯ ಗೊಡವೆಗೆ ಹೋಗದೆ, ಏಳು ಮಂದಿಯ ತನ್ನ ಮಂಡಲಿಯಲ್ಲಿ ಪ್ರದೇ‌ಶಗಳಿಗೂ ಭಾಷೆಗಳಿಗೂ ಯುಕ್ತವಾದ ಪ್ರಾತಿನಿಧ್ಯವಿರಬೇಕೆಂದಷ್ಟೇ ಹೇಳುತ್ತದೆ. ಭಾರತದ ರಾಜ್ಯಾಂಗ ಮಂತ್ರಿಯ ಭಾಷೆಯ ವಿಷಯದಲ್ಲಿ ಮೌನವಾಗಿದೆ. ಆ ಹೊಣೆಯನ್ನು ಪಕ್ಷಗಳ ವಿವೇಕಕ್ಕೆ ಬಿಟ್ಟಿದೆ.

ಆದರೂ ಸಮತೆಯ ವಿಧಿ ವ್ಯರ್ಥವಾಯಿತೆಂದು ಹೇಳಲಾಗದು. ೨೦೨೫ರ ಫೆಬ್ರವರಿ ೩ರಂದು ಪ್ರಧಾನಿಯಾದ ಬಾರ್ಟ್ ಡೆ ವೇವರ್, ಫ್ಲಾಂಡರ್ಸಿನ ಸ್ವಾತಂತ್ರ್ಯವನ್ನು ತನ್ನ ನಿಯಮಾವಳಿಯಲ್ಲಿ ಬರೆದುಕೊಂಡಿರುವ ಪಕ್ಷದ ನಾಯಕ. ಆತನ ಮಂತ್ರಿಮಂಡಲವೂ ಪ್ರಧಾನಿಯನ್ನು ಬಿಟ್ಟು ಏಳು ಏಳು ಎಂದೇ ರಚಿತವಾಯಿತು. ದೇಶವನ್ನು ಒಡೆಯಬೇಕೆಂದವನೂ ಆಳಬೇಕಾದರೆ ಆ ಎಣಿಕೆಗೆ ತಲೆಬಾಗಬೇಕಾಯಿತು.

ಇಬ್ಬರ ಈ ಸಮತೆಯಲ್ಲಿ ಮೂರನೆಯವರಿಗೆ ಜಾಗವಿಲ್ಲ. ಒಂದನೆಯ ಮಹಾಯುದ್ಧದ ಅನಂತರ ಜರ್ಮನಿಯಿಂದ ಬೆಲ್ಜಿಯಮ್ಮಿಗೆ ಸೇರಿದ ಪೂರ್ವದಂಚಿನ ಸೀಮೆಯಲ್ಲಿ ಜರ್ಮನ್ ಆಡುವವರಿದ್ದಾರೆ; ಅವರ ಸಂಖ್ಯೆ ಎಂಬತ್ತು ಸಾವಿರಕ್ಕೆ ಹತ್ತಿರ. ಒಯ್ಪೆನ್ ಪಟ್ಟಣದಲ್ಲಿ ಅವರಿಗೆ ಸ್ವಂತ ಶಾಸನಸಭೆಯೂ ೧೯೮೪ರಿಂದ ಸ್ವಂತ ಸರಕಾರವೂ ಉಂಟು. ಇಷ್ಟು ಅಲ್ಪಜನರಿಗೆ ಇಷ್ಟು ಪೂರ್ಣವಾದ ಸ್ವಯಮಾಡಳಿತ ಲೋಕದಲ್ಲಿ ಅಪರೂಪ. ಆದರೆ ೯೯ನೆಯ ವಿಧಿಯಲ್ಲಿ ಅವರ ಭಾಷೆಯ ಹೆಸರಿಲ್ಲ.

ಬ್ರಸೆಲ್ಸಿನ ವಿಷಯ ಇನ್ನೂ ಹೇಳಬೇಕಾದುದಿದೆ. ೧೯೭೦ರ ಒಡಂಬಡಿಕೆಯ ಎರಡನೆಯ ಅರ್ಧ ಪೂರ್ಣವಾಗಿ ಜಾರಿಗೆ ಬಂದದ್ದು ೧೯೮೯ರಲ್ಲಿ, ಆ ಪ್ರದೇಶಕ್ಕೆ ಸ್ವಂತ ಸರಕಾರ ಬಂದಾಗ. ಮುಖ್ಯಮಂತ್ರಿಯೊಬ್ಬ, ಆತನನ್ನು ಬಿಟ್ಟು ಭಾಷೆಗೆ ಇಬ್ಬರಂತೆ ನಾಲ್ವರು ಮಂತ್ರಿಗಳು. ಮೊದಲ ಚುನಾವಣೆಯಲ್ಲಿ ೭೫ ಸ್ಥಾನಗಳ ಪೈಕಿ ಡಚ್ ಭಾಷೆಯವರಿಗೆ ಬಂದದ್ದು ೧೧. ೨೦೦೧ರ ಒಪ್ಪಂದದ ಪ್ರಕಾರ ಸಭೆಯನ್ನು ೮೯ಕ್ಕೆ ಹಿಗ್ಗಿಸಿ ೭೨ನ್ನು ಫ್ರೆಂಚಿಗೂ ೧೭ನ್ನು ಡಚ್ಚಿಗೂ ಕಾದಿರಿಸಿದರು. ೨೦೦೪ರ ಚುನಾವಣೆಯಿಂದ ಇದು ನಡೆದುಬಂದಿದೆ. ಸರಕಾರಕ್ಕೆ ಎರಡು ವರ್ಗಗಳಲ್ಲಿಯೂ ಬಹುಮತದ ಬೆಂಬಲ ಬೇಕು. ಅಂದರೆ ಹದಿನೇಳು ಮಂದಿಯ ವರ್ಗದಲ್ಲಿ ಒಂಬತ್ತು ಮಂದಿ ಒಪ್ಪದಿದ್ದರೆ ಹತ್ತು ಲಕ್ಷಕ್ಕೂ ಮೀರಿದ ಜನರಿರುವ ರಾಜಧಾನಿಗೆ ಸರಕಾರವಿಲ್ಲ. ದೇಶದ ಮಂತ್ರಿಮಂಡಲದಲ್ಲಿ ಕಾಣದ ಈ ಕಟ್ಟು ಇಲ್ಲಿ ಉಂಟಾದುದು ೧೯೭೧ರ ಮೋಸದ ನೆನಪಿನಿಂದಲೇ ಇರಬೇಕು.

೨೦೨೪ರ ಜೂನ್ ೯ರಂದು ಅಲ್ಲಿ ಚುನಾವಣೆ ನಡೆಯಿತು. ಡಚ್ ವರ್ಗದಲ್ಲಿ ಬಹುಮತ ಕೂಡಿಸಿಕೊಂಡ ಪಕ್ಷಗಳ ಕೂಟದಲ್ಲಿ ಫ್ಲೆಮಿಷ್ ರಾಷ್ಟ್ರವಾದಿಗಳೂ ಇದ್ದರು. ಅವರೊಡನೆ ಒಂದೇ ಮಂಡಲಿಯಲ್ಲಿ ಕುಳಿತುಕೊಳ್ಳಲು ಫ್ರೆಂಚ್ ಸಮಾಜವಾದಿಗಳು ಒಪ್ಪಲಿಲ್ಲ. ಅವರನ್ನು ಬಿಟ್ಟು ಬರಲು ಡಚ್ ಕಡೆಯ ಕೆಲವರು ಒಪ್ಪಲಿಲ್ಲ. ಆ ವರ್ಷ ಕಳೆಯಿತು. ೨೦೨೫ನೆಯ ವರ್ಷವೂ ಕಳೆಯಿತು. ಹಿಂದಿನ ಚುನಾವಣೆಯಿಂದ ಬಂದ ಮಂತ್ರಿಗಳೇ ಹೊಸ ಆಯವ್ಯಯದ ಅಂದಾಜನ್ನು ಮಂಡಿಸುವ ಅಧಿಕಾರವಿಲ್ಲದೆ, ತಿಂಗಳು ತಿಂಗಳ ಖರ್ಚಿಗೆ ಅಪ್ಪಣೆ ಪಡೆಯುತ್ತ, ನಿತ್ಯದ ಕೆಲಸಗಳನ್ನಷ್ಟೇ ನಡೆಸಿಕೊಂಡು ಹೋಗುತ್ತಿದ್ದರು.